ಅಡಿಗೊಂದು ನೂಲು

ನನ್ನ ಭಾವನ ಕೋಣೆಯಲ್ಲಿ ಸರಿಯಾದ ಸ್ಕೇಲು ಎನ್ನುವುದು ಒಂದೂ ಇರಲಿಲ್ಲ. ಭಾವ ಎಂದರೆ ಅಕ್ಕನ ಗಂಡ. ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್, ಅಂದರೆ ಎರಕಕ್ಕೆ ಬೇಕಾದ ಮರದ ಮಾದರಿ, ಮಾಡುವ ಬಡಗಿ. ನಾನು ಅದೇ ಕಾರ್ಖಾನೆಯ ಇನ್ನೊಂದು ಮೂಲೆಯಲ್ಲಿ ಲೇತ್ ತಿರುಗಿಸುವ ಟರ್ನರ್. ನನ್ನ ಸ್ಕೇಲನ್ನು ತಂದು ಅವರ ಸ್ಕೇಲಿನ ಪಕ್ಕ ಇಟ್ಟರೆ ಎರಡೂ ಶುರುವಾಗುವುದು ಒಂದೇ ಕಡೆ. ನನ್ನದರ ಹನ್ನೆರಡಂಗುಲ ಮುಗಿದ ಮೇಲೂ ಅವರದರ ಹನ್ನೆರಡು ಇನ್ನೂ ಒಂದು ನೂಲು ಆಚೆಗೆ ಇರುತ್ತಿತ್ತು. ನೂಲು ಎಂದರೆ ಅಂಗುಲದ ಎಂಟರಲ್ಲಿ ಒಂದು ಪಾಲು. ಮೊದಲ ಸಲ ನೋಡಿದಾಗ ನಾನು, "ಭಾವ, ಈ ಸ್ಕೇಲು ಮಾರಿದವನು ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ" ಅಂದಿದ್ದೆ. ಅವರು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು. ಹಲಗೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ನೋಟ ಅದು. ಮನುಷ್ಯರಿಗಾಗಿ ಅವರು ಬೇರೆ ನೋಟವೇನೂ ಇಟ್ಟುಕೊಂಡಿರಲಿಲ್ಲ.

ಮೋಸವೇನೂ ಇರಲಿಲ್ಲ. ಕರಗಿದ ಕಬ್ಬಿಣ ಆರಿ ಗಟ್ಟಿಯಾಗುವಾಗ ಕುಗ್ಗುತ್ತದೆ, ಅಡಿಗೆ ಒಂದು ನೂಲಿನಷ್ಟು. ಹಿತ್ತಾಳೆಯಾದರೆ ಒಂದೂವರೆ ನೂಲು, ಉಕ್ಕಾದರೆ ಎರಡು. ಒಂದಡಿಯ ಕಬ್ಬಿಣದ ಚಕ್ರ ಬೇಕೆಂದರೆ ಮೊದಲು ಅದೇ ಆಕಾರದ ಮರದ ಚಕ್ರ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಂಡಿಗೆ ಕಬ್ಬಿಣ ಹೊಯ್ಯಬೇಕು. ಮರದ ಚಕ್ರ ಸರಿಯಾಗಿ ಒಂದಡಿ ಇದ್ದರೆ ಕಬ್ಬಿಣದ ಚಕ್ರ ಒಂದು ನೂಲು ಗಿಡ್ಡ. ಪ್ರತಿ ಅಳತೆಗೂ ಲೆಕ್ಕ ಹಾಕಿ ಕೂಡಿಸುತ್ತಾ ಕೂತರೆ ತಲೆ ಕೆಟ್ಟುಹೋಗುತ್ತದೆ. ಅದಕ್ಕೇ ಹಿಂದಿನ ಕಾಲದ ಯಾರೋ ಪುಣ್ಯಾತ್ಮರು ಸ್ಕೇಲನ್ನೇ ಹಿಗ್ಗಿಸಿಬಿಟ್ಟರು. ಬಡಗಿ ಒಂದಡಿ ಅಂದುಕೊಂಡು ಅಳೆಯುತ್ತಾನೆ, ಕಬ್ಬಿಣ ಆರಿದಾಗ ಅವನು ಅಂದುಕೊಂಡದ್ದೇ ಆಗುತ್ತದೆ. ಭಾವನ ಬಳಿ ಅಂಥವು ಮೂರು ಇದ್ದವು. ತುದಿಗೆ ಬಣ್ಣ ಬಳಿದಿಟ್ಟುಕೊಂಡಿದ್ದರು: ಕೆಂಪು ಕಬ್ಬಿಣಕ್ಕೆ, ಹಳದಿ ಹಿತ್ತಾಳೆಗೆ, ನೀಲಿ ಉಕ್ಕಿಗೆ. ಕಾರ್ಖಾನೆಯವರು ಅವರನ್ನು ನೂಲು ಮೇಸ್ತ್ರಿ ಅನ್ನುತ್ತಿದ್ದರು.

ಒಮ್ಮೆ ಆಫೀಸಿನ ಗುಮಾಸ್ತರು ಕಿಟಕಿಗೆ ಗಾಜು ಹಾಕಿಸಬೇಕೆಂದು, ಭಾವ ಊಟಕ್ಕೆ ಹೋಗಿದ್ದಾಗ, ಉಕ್ಕಿನ ಸ್ಕೇಲನ್ನು ಎತ್ತಿಕೊಂಡು ಹೋದರು. ಸ್ಕೇಲು ಉದ್ದ, ಹಾಗಾಗಿ ಅಳತೆ ಬಂದದ್ದು ಕಡಿಮೆ. ಅಂಗಡಿಯವನು ಹೇಳಿದಷ್ಟೇ ಕೊಯ್ದು ಕೊಟ್ಟ. ಗಾಜು ಕಿಟಕಿಯ ಚೌಕಟ್ಟಿನಲ್ಲಿ ಕೂರದೆ ಸಲೀಸಾಗಿ ತೂರಿಕೊಂಡು ಆಚೆ ಬಿದ್ದು ಚೂರಾಯಿತು. ಗುಮಾಸ್ತರು ಮೂರು ದಿನ ಗಾಜಿನ ಅಂಗಡಿಯವನ ಜೊತೆ ಜಗಳವಾಡಿದರು. ಭಾವನಿಗೆ ವಿಷಯ ಗೊತ್ತಿತ್ತು, ಹೇಳಲಿಲ್ಲ. ಕೇಳದೆ ಸ್ಕೇಲು ಮುಟ್ಟಿದವರಿಗೆ ಅಷ್ಟು ಆಗಬೇಕು ಎಂದು ಸುಮ್ಮನಿದ್ದರು. ಗುಮಾಸ್ತರ ಪಾಡು ನೋಡಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವರ ಕೋಣೆಯ ಮೇಲೆ ಒಂದು ಅಟ್ಟವಿತ್ತು. ಕಾರ್ಖಾನೆ ಶುರುವಾದಾಗಿನಿಂದ ಮಾಡಿದ ಮರದ ಪ್ಯಾಟರ್ನುಗಳೆಲ್ಲ ಅಲ್ಲಿ ತೂಗಿಬಿದ್ದಿರುತ್ತಿದ್ದವು. ಹೊಲಿಗೆ ಯಂತ್ರದ ಕಾಲು, ಕೈಪಂಪಿನ ಹಿಡಿ, ಬೀದಿ ದೀಪದ ಕಂಬದ ಬುಡ, ಕಬ್ಬು ಅರೆಯುವ ಗಾಣದ ಹಲ್ಲುಚಕ್ರ. ಎಷ್ಟೋ ಯಂತ್ರಗಳು ಈಗ ಎಲ್ಲೂ ಇಲ್ಲ, ಅವುಗಳ ಮರದ ರೂಪ ಮಾತ್ರ ಅಲ್ಲಿತ್ತು. ಹಳೆಯ ದೊಡ್ಡ ಚಕ್ರಗಳ ಅರಗಳು ನೆಟ್ಟಗಿರದೆ ಬಿಲ್ಲಿನಂತೆ ಬಾಗಿರುವುದನ್ನು ನೀವೂ ನೋಡಿರಬಹುದು. ಅದು ಅಂದಕ್ಕೆ ಎಂದು ನಾನು ತಿಳಿದಿದ್ದೆ. ಹಾಗೆ ಅಂದಾಗ ಭಾವ ಅವತ್ತಿನ ಮಟ್ಟಿಗೆ ದೀರ್ಘವೆನ್ನಿಸುವ ಭಾಷಣವನ್ನೇ ಮಾಡಿದರು.

"ಅಂದಕ್ಕಲ್ಲಯ್ಯಾ. ತೆಳ್ಳಗಿರೋ ಕಡೆ ಬೇಗ ಆರುತ್ತೆ, ದಪ್ಪ ಇರೋ ಕಡೆ ನಿಧಾನ. ಒಂದು ಕಡೆ ಕುಗ್ಗಿ ಆಯ್ತು, ಇನ್ನೊಂದು ಕಡೆ ಈಗ ಕುಗ್ತಾ ಇದೆ ಅಂದಾಗ, ನಡುವೆ ಸಿಕ್ಕ ಅರ ನೆಟ್ಟಗಿದ್ರೆ ಪಟ್ ಅಂತ ಬಿರಿಯುತ್ತೆ. ಬಾಗಿದ್ರೆ ಇನ್ನಷ್ಟು ಬಾಗಿ ಉಳ್ಕೊಳ್ಳುತ್ತೆ."

"ಮತ್ತೆ ಹೊಲಿಗೆ ಯಂತ್ರದ ಕಾಲಿಗೆ ಆ ಬಳ್ಳಿ, ಎಲೆ, ಹೂವು?"

"ಎರಕದಲ್ಲಿ ಒಂದೆರಡು ಗುಳಿ ಬಿದ್ದೇ ಬೀಳುತ್ತೆ. ಹೂವಿನ ಮಧ್ಯೆ ಯಾರಿಗೆ ಕಾಣುತ್ತೆ?"

ಅಷ್ಟು ಹೇಳಿ ಉಜ್ಜುಗೊರಡು ಎತ್ತಿಕೊಂಡರು. ಮತ್ತೆ ಸಂಜೆಯವರೆಗೆ ಬಾಯಿಗೆ ಬೀಗ.

ಮನೆಯಲ್ಲೂ ಅವರದು ಅದೇ ಕೆಂಪು ತುದಿಯ ಸ್ಕೇಲು. ಹಳೆಯದೊಂದನ್ನು ಕಾರ್ಖಾನೆಯಿಂದ ತಂದಿಟ್ಟುಕೊಂಡಿದ್ದರು. ಮಂಚ, ಗೋಡೆಯ ಕಪಾಟು, ಅಡುಗೆಮನೆಯ ಮೆಟ್ಟುಮಣೆ, ಎಲ್ಲ ಅವರೇ ಮಾಡಿದ್ದು. ಜಾಗ ಅಳೆದದ್ದು ಆ ಸ್ಕೇಲಿನಲ್ಲೇ, ಹಲಗೆ ಕೊಯ್ದದ್ದೂ ಆ ಸ್ಕೇಲಿನಲ್ಲೇ, ಹಾಗಾಗಿ ಎಲ್ಲವೂ ಬಂದು ಕೂತವು. ತೊಂದರೆ ಬರುತ್ತಿದ್ದದ್ದು ಹೊರಗಿನಿಂದ ಏನಾದರೂ ತಂದಾಗ ಮಾತ್ರ. ಅಕ್ಕ ಅಂಗಡಿಯಲ್ಲಿ ಆರಡಿಯ ಹಾಸಿಗೆ ಕೊಂಡು ತಂದರೆ ಆರಡಿಯ ಮಂಚದ ಮೇಲೆ ಕಾಲ ಬಳಿ ಮುಕ್ಕಾಲಂಗುಲ ಹಲಗೆ ಕಾಣುತ್ತಿತ್ತು. "ನಮ್ಮನೇಲಿ ಹಾಸಿಗೆ ಇದ್ದಷ್ಟಲ್ಲ, ಅದಕ್ಕಿಂತ ಮುಕ್ಕಾಲಂಗುಲ ಜಾಸ್ತೀನೇ ಕಾಲು ಚಾಚಬಹುದು" ಎಂದು ಅಕ್ಕ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಆದರೆ ಬೀದಿಗೆಲ್ಲ ಅವಳು ಏಣಿ. ನಡೆಯಲು ಕಲಿತ ವರ್ಷವೇ ಕಪಾಟು ಹತ್ತಿ ಕೂತಿದ್ದಳು. ಅಪ್ಪನಿಗೆ ಊಟದ ಡಬ್ಬಿ ತಂದಾಗ ಕೈ ಖಾಲಿಯಾದ ಮರುಕ್ಷಣ ಅಟ್ಟದ ಮೇಲಿರುತ್ತಿದ್ದಳು. ಭಾವನಿಗೆ ಅವಳೆಂದರೆ ಪ್ರಾಣ. ಹೇಳುತ್ತಿರಲಿಲ್ಲ, ಆದರೆ ಅವಳು ಹುಟ್ಟಿದ ವಾರ ನಡುಮನೆಯ ಬಾಗಿಲ ಚೌಕಟ್ಟಿನ ಮೇಲೆ ನೆಲದಿಂದ ಆರಡಿಯವರೆಗೆ ಅಡಿ, ಅಂಗುಲ, ನೂಲು ಎಲ್ಲ ಗೆರೆ ಹಾಕಿದರು. ಗೆರೆ ಹಾಕಿದ್ದು ಉಳಿಯ ಮೊನೆಯಿಂದ. ಬಣ್ಣ ಬಳಿದರೂ ಮಾಸಲಿಲ್ಲ. ವರ್ಷಕ್ಕೊಮ್ಮೆ ಮಗಳನ್ನು ಅಲ್ಲಿ ನಿಲ್ಲಿಸಿ ತಲೆಯ ಮೇಲೆ ಹಲಗೆ ಚೂರು ಇಟ್ಟು ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದರು. ಅವಳು ದೊಡ್ಡವಳಾಗಿ, "ಸಾಕಪ್ಪಾ, ನಾನೇನು ಹಲಗೆನಾ" ಎಂದ ಮೇಲೆ ಬಿಟ್ಟರು.

ಅಪ್ಪನ ಕಾರ್ಖಾನೆಯ ಸ್ಕೇಲುಗಳು ಉದ್ದ ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಮಾತು ಕೇಳಿಕೊಂಡೇ ಬೆಳೆದವಳು. ಆದರೆ ಬಾಗಿಲು ಬಾಗಿಲೇ. ಅವಳಿಗೆ ನೆನಪು ಬರುವ ಮೊದಲೇ ಅದರ ಮೇಲೆ ಗೆರೆಗಳಿದ್ದವು. ಅವನ್ನು ಯಾವ ಸ್ಕೇಲಿನಿಂದ ಎಳೆದದ್ದು ಎಂದು ಯಾರಾದರೂ ಯಾಕೆ ಕೇಳುತ್ತಾರೆ?

ಅವಳ ಓದು ಮುಗಿಯುವ ಹೊತ್ತಿಗೆ ಕಾರ್ಖಾನೆಯ ಅಟ್ಟಕ್ಕೆ ಬೆಂಕಿ ಬಿತ್ತು. ಮಧ್ಯಾಹ್ನದ ಹೊತ್ತು, ಕುಲುಮೆಯ ಕಿಡಿಯೋ ಹಳೆಯ ವೈರೋ, ಗೊತ್ತಾಗಲಿಲ್ಲ. ಒಣಗಿದ ಮರ, ಮೇಲೆ ವಾರ್ನಿಷು, ಹೇಳಬೇಕೆ? ಅಗ್ನಿಶಾಮಕದವರು ಬಂದು ಏಣಿ ಹಾಕಿದರು. ಮೇಲೆ ಹತ್ತಿದ ಒಬ್ಬ ಯುವಕ ಭಾವ ನಿಂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಅವನನ್ನು ಎತ್ತಿಕೊಂಡು ಹೋಗುತ್ತಿರುವಾಗಲೇ ಅದೇ ಏಣಿಯನ್ನು ಇನ್ನೊಬ್ಬರು ಹತ್ತಿದರು. ಹೆಲ್ಮೆಟ್ಟಿನ ಕೆಳಗೆ ಜಡೆ ಸುತ್ತಿ ಕಟ್ಟಿದ್ದು ಕಂಡಿತು, ಹೆಂಗಸು. ಊಟದ ಡಬ್ಬಿ ವಾಪಸು ಒಯ್ಯಲು ಬಂದಿದ್ದ ಏಣಿ ಇದನ್ನೆಲ್ಲ ಗೇಟಿನ ಬಳಿ ನಿಂತು ನೋಡಿದಳು. ಅಪ್ಪನೂ ಮಗಳೂ ನೋಡಿದ್ದು ಒಂದೇ ಏಣಿ. ಅಪ್ಪನ ಕಣ್ಣಲ್ಲಿ ಉಳಿದದ್ದು ಬಿದ್ದವನು, ಮಗಳ ಕಣ್ಣಲ್ಲಿ ಉಳಿದದ್ದು ಹತ್ತಿದವಳು.

ವಾರ ಕಳೆಯುವುದರೊಳಗೆ ಅವಳು ಮಾತು ತೆಗೆದಳು. ನಾನೂ ಅಲ್ಲೇ ಕೂತಿದ್ದೆ.

"ಅಪ್ಪಾ, ನಾನು ಅಗ್ನಿಶಾಮಕಕ್ಕೆ ಸೇರ್ಲಾ?"

ಭಾವ ತಲೆ ಎತ್ತಲಿಲ್ಲ. "ಆ ಮಾತು ಈ ಮನೇಲಿ ಇನ್ನೊಂದು ಸಲ ಬರಬಾರದು."

"ಅಲ್ಲಪ್ಪಾ..."

"ಬರಬಾರದು ಅಂದೆ."

ಅವರು ಮಗಳಿಗೆ ಗಡಸಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ಸಿಟ್ಟು ಬಂತು. ಹೇಳಿದೆ ಕೂಡ. "ನೀನು ಅವನು ಬಿದ್ದದ್ದನ್ನ ಹತ್ತಿರದಿಂದ ನೋಡಿಲ್ಲ" ಎಂದರು. ನೋಡಿರಲಿಲ್ಲ, ನಿಜ.

ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ. ಆದರೆ ಹೋಗಲೂ ಇಲ್ಲ. ಏಣಿ ಮುಂಜಾನೆ ಎದ್ದು ಓಡುತ್ತಿದ್ದಳು, ಹಗ್ಗ ಹತ್ತುತ್ತಿದ್ದಳು. ಕೇಳಿದರೆ ಮೈ ಹಗುರಾಗಲಿ ಎನ್ನುತ್ತಿದ್ದಳು. ಅಗ್ನಿಶಾಮಕದವರು ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ವರ್ಷ ವರ್ಷವೂ ಅಲ್ಲ. ಕಾದು ಕಾದು ಕೊನೆಗೊಮ್ಮೆ ಠಾಣೆಯ ಗೋಡೆಗೆ ಪ್ರಕಟಣೆ ಅಂಟಿಸಿದರು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಎತ್ತರ ಕನಿಷ್ಠ ಐದಡಿ ಎರಡಂಗುಲ ಇರಬೇಕು, ಅದಕ್ಕಿಂತ ಕಡಿಮೆ ಇರುವವರು ಬರುವ ಅಗತ್ಯವಿಲ್ಲ ಎಂದು ಬರೆದಿತ್ತು. ಆಯ್ಕೆಯಾದ ಮೇಲೆ ಅಪ್ಪನಿಗೆ ಹೇಳಿದರಾಯಿತು ಎಂದು ಅವಳ ಯೋಚನೆ. ಕೆಲಸ ಕೈಗೆ ಬಂದ ಮೇಲೆ ಅಪ್ಪ ಏನು ಮಾಡಿಯಾನು?

ಅಪ್ಪ ಮನೆಯಲ್ಲಿಲ್ಲದಾಗ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ಅಕ್ಕ ಸ್ಟೂಲು ಹತ್ತಿ ತಲೆಯ ಮೇಲೆ ಹಲಗೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದಳು. ಐದಡಿ ಒಂದಂಗುಲ ಐದು ನೂಲು. ಬೇಕಾದ್ದಕ್ಕಿಂತ ಮೂರು ನೂಲು ಕಡಿಮೆ. ಬೆಳಿಗ್ಗೆ ಎದ್ದ ಕೂಡಲೇ ಎತ್ತರ ಸ್ವಲ್ಪ ಜಾಸ್ತಿ ಇರುತ್ತದೆ ಎಂದು ಯಾರೋ ಹೇಳಿದ್ದರಂತೆ. ಮಾರನೆಯ ದಿನ ಹಾಸಿಗೆಯಿಂದ ನೇರ ಬಂದು ನಿಂತಳು. ಅಷ್ಟೇ ಬಂತು.

"ಮೂರು ನೂಲು ಯಾವ ಲೆಕ್ಕ? ಹೋಗಿ ನಿಂತ್ಕೋ, ಬಿಡ್ತಾರೆ" ಎಂದಳು ಅಕ್ಕ.

"ಬಿಡಲ್ಲಮ್ಮಾ. ಎಲ್ಲರ ಎದುರು ಅಳೆದು ವಾಪಸ್ ಕಳಿಸ್ತಾರೆ. ಅಪ್ಪನಿಗೂ ಗೊತ್ತಾಗುತ್ತೆ. ಕೆಲಸಾನೂ ಇಲ್ಲ, ಬೈಗುಳಾನೂ ಸಿಕ್ತು ಅಂತಾಗುತ್ತೆ."

ಅವಳು ಹೋಗಲಿಲ್ಲ. ಆಯ್ಕೆಯ ದಿನ ಮನೆಯ ಕಿಟಕಿಗಳನ್ನೆಲ್ಲ ತೊಳೆದಳಂತೆ. ಇಷ್ಟನ್ನೂ ಅಕ್ಕ ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ಆಮೇಲೆ ಏಣಿ ಬೀದಿ ತುದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮೊಳೆ, ಬೀಗ, ಬಣ್ಣ, ಪೈಪು. ಮೇಲಿನ ಶೆಲ್ಫಿನಿಂದ ಸಾಮಾನು ತೆಗೆಯಬೇಕಾದಾಗ ಮಾಲೀಕರು ಅವಳನ್ನೇ ಕರೆಯುತ್ತಿದ್ದರು. ಓಡುವುದನ್ನು ಬಿಟ್ಟಳು. ಮನೆಯಲ್ಲಿ ನಗುತ್ತಿದ್ದಳು, ಮಾತಾಡುತ್ತಿದ್ದಳು. ಭಾವ, "ನೋಡು, ಬುದ್ಧಿ ಬಂತು" ಎಂದು ನನ್ನೊಡನೆ ಒಂದೆರಡು ಸಲ ಹೇಳಿ ಬೀಗಿದರು.

ಭಾವ ನಿವೃತ್ತರಾದ ಸಂಜೆ ನಾನು ಅವರ ಮನೆಯಲ್ಲೇ ಊಟಕ್ಕೆ ಉಳಿದೆ. ಏಣಿ ಅಂಗಡಿಯಿಂದ ಬರುವಾಗ ಅಪ್ಪನಿಗೆಂದು ಒಂದು ಸ್ಟೀಲ್ ಟೇಪು ತಂದಿದ್ದಳು. ಎಳೆದರೆ ಬರುವಂಥದ್ದು, ಬಿಟ್ಟರೆ ಸರ್ರನೆ ಒಳಗೆ ಹೋಗುವಂಥದ್ದು.

"ಇನ್ನು ಕಾರ್ಖಾನೆ ಇಲ್ಲವಲ್ಲಪ್ಪಾ. ಇನ್ಮೇಲಾದ್ರೂ ಇದ್ದದ್ದು ಇದ್ದ ಹಾಗೆ ಅಳೆ."

ಭಾವ ಆ ದಿನ ಎಂದಿಲ್ಲದ ಹುರುಪಿನಲ್ಲಿದ್ದರು. "ಬಾರಯ್ಯಾ, ಈ ಮನೇಲಿ ನಾನು ಎಷ್ಟು ಸುಳ್ಳು ಕಟ್ಟಿದೀನಿ ಅಂತ ನೋಡೋಣ" ಎಂದು ನನ್ನನ್ನು ಎಬ್ಬಿಸಿದರು. ಟೇಪಿನ ತುದಿ ನನ್ನ ಕೈಗೆ ಕೊಟ್ಟು ಮಂಚ ಅಳೆದರು, ಆರಡಿ ಆರು ನೂಲು. ಕಪಾಟು, ಮೂರಡಿ ಮೂರು ನೂಲು. "ಅಡಿಗೊಂದು ನೂಲು, ಎಲ್ಲೂ ತಪ್ಪಿಲ್ಲ" ಎಂದು ಮಕ್ಕಳ ಹಾಗೆ ನಕ್ಕರು. ಅಕ್ಕನೂ ನಕ್ಕಳು. ಏಣಿ ತಟ್ಟೆ ಹಾಕುತ್ತಾ ನಗುತ್ತಿದ್ದಳು. ಹಾಗೇ ನಡುಮನೆಯ ಬಾಗಿಲಿಗೆ ಬಂದರು. ಕೆಳಗಿನಿಂದ ಒಂದೊಂದೇ ಪೆನ್ಸಿಲ್ ಗುರುತು ನೋಡುತ್ತಾ ಮೇಲಕ್ಕೆ ಹೋದರು. ತುದಿಯದೊಂದು ಗುರುತು ಅವರ ಕೈಯದಾಗಿರಲಿಲ್ಲ.

"ಇದ್ಯಾವಾಗ ಅಳೆದುಕೊಂಡ್ಯೇ?" ಎಂದು ಕೇಳುತ್ತಲೇ ಟೇಪನ್ನು ನೆಲಕ್ಕೆ ಹಿಡಿಯಲು ನನಗೆ ಹೇಳಿ, ಒಂದು ಕಣ್ಣು ಮುಚ್ಚಿ ಓದಿದರು. "ಐದಡಿ ಎರಡಂಗುಲ, ಮೇಲೆ ಎರಡು ನೂಲು. ನೋಡು, ನೀನು ಅಂದುಕೊಂಡಿದ್ದಕ್ಕಿಂತ ಐದು ನೂಲು ಎತ್ತರ ಇದೀಯ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತುಬಿಟ್ಟಳು. ಏಣಿಯ ಕೈಯಲ್ಲಿ ತಟ್ಟೆಯಿತ್ತು, ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಇನ್ನೊಂದು ಸಲ ನೋಡಪ್ಪಾ" ಅಂದಳು.

ನೋಡಿದರು. ಅಷ್ಟೇ.

"ಅವರು ಕೇಳಿದ್ದು ಐದಡಿ ಎರಡಂಗುಲ" ಎಂದಳು.

"ಯಾರು?"

"ಅಗ್ನಿಶಾಮಕದವರು. ಹೋದ ವರ್ಷ. ಮೂರು ನೂಲು ಕಡಿಮೆ ಇದೀನಿ ಅಂತ ನಾನು ಹೋಗ್ಲಿಲ್ಲ."

ಭಾವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗುವುದಕ್ಕೆ ನಿಧಾನ ಮಾಡುವ ಮನುಷ್ಯ ಅಲ್ಲ. ಟೇಪನ್ನು ಒಳಗೆ ಬಿಡುವುದು ಅವರಿಗೆ ಮರೆತುಹೋಯಿತು.

"ಈ ವರ್ಷ?" ಎಂದು ಕೇಳಿದರು.

"ವಯಸ್ಸು ಮೀರಿತು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಏಣಿ ಅಪ್ಪನನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದ್ರೆ ಹೇಳ್ತಿದ್ಯಾ? ಗೆರೆ ಉದ್ದ ಇದೆ, ನೀನು ಸರಿಯಾಗಿದೀಯ, ಹೋಗು ಅಂತ?"

ನಾನಾಗಿದ್ದರೆ "ಹೇಳ್ತಿದ್ದೆ" ಎಂದುಬಿಡುತ್ತಿದ್ದೆ. ಹಾಗೆ ಹೇಳುವುದರಿಂದ ಯಾರ ಗಂಟು ಹೋಗುತ್ತದೆ? ಭಾವ ಟೇಪನ್ನು ಮೆಲ್ಲಗೆ ಒಳಗೆ ಬಿಟ್ಟರು.

"ಇಲ್ಲ" ಎಂದರು.

"ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ" ಎಂದು ಅವಳು ತಟ್ಟೆ ಎತ್ತಿಕೊಂಡಳು. "ಬನ್ನಿ ಮಾವ, ಊಟ ಆರ್ತಾ ಇದೆ."

ಊಟ ಮಾಡಿದೆವು. ಅವಳು ಎಲ್ಲರಿಗೂ ಬಡಿಸಿದಳು, ಅಪ್ಪನಿಗೂ. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ.

ಮಾರನೆಯ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕೆಂಪು ತುದಿಯ ಸ್ಕೇಲು ಒಂದು ಕೈಯಲ್ಲಿ, ಹೊಸ ಟೇಪು ಇನ್ನೊಂದರಲ್ಲಿ. "ಅಗ್ನಿಶಾಮಕ ಠಾಣೆಗೆ ಹೋಗಬೇಕು. ನನಗೆ ಮಾತು ಬರಲ್ಲ, ನೀನು ಜೊತೆಗೆ ಬಾ." ಲೇತಿಗೆ ಅರ್ಧ ದಿನ ರಜೆ ಹಾಕಿ ಹೊರಟೆ.

ಠಾಣೆಯ ಅಂಗಳದಲ್ಲಿ ಉದ್ದನೆಯ ಏಣಿಯೊಂದನ್ನು ಗೋಡೆಗೆ ನಿಲ್ಲಿಸಿ ಹೊಸಬರಿಗೆ ಹತ್ತುವುದನ್ನು ಕಲಿಸುತ್ತಿದ್ದರು. ಭಾವ ಆ ಕಡೆ ನೋಡದೆ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಅಧಿಕಾರಿ ಒಳ್ಳೆಯವರು, ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಸ್ಕೇಲನ್ನೂ ಟೇಪನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಶುರು ಮಾಡಿದರು. ಕಬ್ಬಿಣ ಕುಗ್ಗುವುದು, ಮರಳು, ಮರ, ಬಾಗಿಲು, ಮಗಳು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಅಧಿಕಾರಿ ಎರಡನ್ನೂ ಕೈಗೆ ತೆಗೆದುಕೊಂಡು ನೋಡಿದರು, ಚಹಾ ತರಿಸಿದರು.

"ತಪ್ಪು ಅವಳದಲ್ಲ ಸಾರ್. ಅವಳನ್ನ ತಗೊಳ್ಳಿ. ಎಲ್ಲಿಗೆ ಬೇಕಾದ್ರೂ ಹತ್ತುತ್ತಾಳೆ, ಚಿಕ್ಕಂದಿನಿಂದ ನೋಡಿದೀನಿ. ಕೈ ಬಿಡಲ್ಲ" ಎಂದರು ಭಾವ.

"ಎತ್ತರದ್ದಾಗಿದ್ರೆ ನಾನೇ ನಿಂತು ಅಳೀತಿದ್ದೆ, ಹಿರಿಯರೇ. ವಯಸ್ಸು ನನ್ನ ಕೈಯಲ್ಲಿಲ್ಲ" ಎಂದರು ಅಧಿಕಾರಿ.

"ಒಂದು ವರ್ಷ ಅಷ್ಟೇ ಸಾರ್."

"ಒಂದು ದಿನ ಆದ್ರೂ ಆಗಲ್ಲ."

ಭಾವ ಚಹಾ ಮುಟ್ಟಲಿಲ್ಲ. ಹೊರಗೆ ಬಂದು ಅಂಗಳದಲ್ಲಿ ನಿಂತರು. ಈ ಸಲ ಗೋಡೆಗಿಟ್ಟ ಏಣಿಯ ಕಡೆ ನೋಡಿದರು. ಒಬ್ಬ ಹುಡುಗಿ ಅರ್ಧ ಹತ್ತಿದ್ದಳು. ಅವಳು ತುದಿ ಮುಟ್ಟಿ, ತಿರುಗಿ, ಕೆಳಗಿಳಿದು ನೆಲದ ಮೇಲೆ ಕಾಲಿಡುವವರೆಗೂ ಭಾವ ಕದಲಲಿಲ್ಲ. ಆಮೇಲೆ, "ಮನೇಲಿ ಹೇಳಬೇಡ" ಎಂದರು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವುದು ನಂಟರಿಗೆಲ್ಲ ಗೊತ್ತು. ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವಳು ಸ್ಟೂಲಿನ ಮೇಲೆ ಕೂತು ಬೀಗಗಳಿಗೆ ಕೀಲಿಕೈ ಜೋಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ.

"ಹೋಗಿದ್ನಾ?" ಎಂದಳು. ಕೀಲಿಕೈ ತಿರುಗಿಸುತ್ತಲೇ ಇದ್ದಳು. "ಸ್ಕೇಲಿನ ವಿಷಯ ಹೇಳೋಕೆ ಹೋಗಿರ್ತಾನೆ. ಅವನಿಗೆ ಅಳತೆ ತಪ್ಪಿದ್ರೆ ನಿದ್ದೆ ಬರಲ್ಲ."

"ಅದನ್ನೂ ಹೇಳಿದ್ರು."

"ಮತ್ತೇನು ಹೇಳ್ದ?"

"ನಿನ್ನನ್ನ ತಗೊಳ್ಳಿ ಅಂತ."

"ಏಣಿ ಹತ್ತೋ ಕೆಲಸಕ್ಕಾ? ಆಫೀಸಿಗಾ?"

"ಏಣಿ ಹತ್ತೋದಕ್ಕೆ. ಕೈ ಬಿಡಲ್ಲ ಅವಳು ಅಂತ ಹೇಳಿದ್ರು. ಎರಡು ಸಲ ಕೇಳಿಕೊಂಡ್ರು."

ಅವಳ ಕೈ ನಿಂತಿತು. ಮುಖ ಆ ಕಡೆ ತಿರುಗಿಸಿಕೊಂಡಳು, ಹೆಗಲು ಅಲುಗತೊಡಗಿತು. ಪಾಪ ಅನ್ನಿಸಿತು, ಅಂತೂ ಅತ್ತಳಲ್ಲ ಎಂದು ಸಮಾಧಾನವೂ ಆಯಿತು. ಅಷ್ಟರಲ್ಲಿ ಯಾರೋ ಬಂದು ಬಣ್ಣದ ಡಬ್ಬಿ ಕೇಳಿದರು. ನಾನೇ ಎದ್ದು ಕೊಟ್ಟು ಕಳಿಸಿದೆ.